ಬಾಟಲಿಯ ಮೇಲಿನ ಸಣ್ಣ ಅಕ್ಷರ

ಪರೀಕ್ಷೆಯ ಹಿಂದಿನ ರಾತ್ರಿ ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಎದುರಿನ ಬೇಕರಿ ಮುಂದೆ ಹತ್ತು ನಿಮಿಷ ನಿಂತು ನೋಡಿ. ಪಫ್ಸು, ದಿಲ್‌ಪಸಂದ್ ಗಾಜಿನ ಪೆಟ್ಟಿಗೆಯಲ್ಲೇ ಉಳಿದಿರುತ್ತವೆ. ಖಾಲಿಯಾಗುವುದು ಫ್ರಿಜ್‌ನೊಳಗಿನ ಎನರ್ಜಿ ಡ್ರಿಂಕ್ ಸಾಲು. 20 ರೂಪಾಯಿಗೂ ಸಿಗುತ್ತದೆ. "ಅಣ್ಣಾ, ಎರಡು ಕೊಡಿ, ಇವತ್ತು ನೈಟ್‌ಔಟ್" ಎನ್ನುವ ಹುಡುಗನಿಗೆ ಹದಿನೆಂಟೋ ಹತ್ತೊಂಬತ್ತೋ. ಅವನು ಊಟ ಮಾಡಿದ್ದಾನೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ.

ನಾನೂ ಕೇಳಿರಲಿಲ್ಲ. ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಮೊದಲ ಪೀರಿಯಡ್‌ಗೆ ಕಣ್ಣು ಕೆಂಪಾಗಿಸಿಕೊಂಡು, ಪೆನ್ನು ಹಿಡಿದ ಕೈ ನಡುಗಿಸಿಕೊಂಡು ಕೂತ ಮಕ್ಕಳನ್ನು ಕಂಡಿದ್ದೇನೆ. ರಾತ್ರಿಯೆಲ್ಲ ಓದಿದ್ದಾರೆಂದು ಮೆಚ್ಚಿಕೊಂಡಿದ್ದೇನೆ. ಆ ಮೆಚ್ಚುಗೆ ಈಗ ನನ್ನನ್ನು ಚುಚ್ಚುತ್ತದೆ.

ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗಿ "ಸಾಕು, ಮಲಗು" ಎನ್ನುತ್ತದೆ. ಆ ಮಾತು ಕಿವಿಗೆ ಬೀಳದಂತೆ ಎನರ್ಜಿ ಡ್ರಿಂಕ್‌ನಲ್ಲಿರುವ ಕೆಫೀನ್ ಅಡ್ಡ ಕೂರುತ್ತದೆ, ಅಷ್ಟೆ. ದಣಿವು ಎಲ್ಲಿಗೂ ಹೋಗಿರುವುದಿಲ್ಲ. ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡರೆ ಹಸಿವು ತೀರುತ್ತದೆಯೇ? ರಾತ್ರಿ ಹನ್ನೊಂದಕ್ಕೆ ಕುಡಿದ ಕೆಫೀನಿನಲ್ಲಿ ಸುಮಾರು ಅರ್ಧ ಬೆಳಗಿನ ಜಾವ ನಾಲ್ಕಕ್ಕೂ ಮೈಯಲ್ಲಿರುತ್ತದೆ. ಓದಿದ್ದು ನೆನಪಾಗಿ ನೆಲೆಗೊಳ್ಳಲು ಬೇಕಾದದ್ದೇ ನಿದ್ದೆ. ಆ ನಿದ್ದೆಯನ್ನೇ ತೆತ್ತು ಮಕ್ಕಳು ಓದಲು ಕೂರುತ್ತಿದ್ದಾರೆ.

ಕಾಫಿ ಬೆಳೆಯುವ ನಾಡಿನವರು ನಾವು, ಕಾಫಿಯಲ್ಲಿ ಕೆಫೀನ್ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆದರೆ ಬಿಸಿ ಕಾಫಿಯನ್ನು ಯಾರೂ ಗಟಗಟ ಇಳಿಸುವುದಿಲ್ಲ. ಲೋಟ ಬರಿದಾಗುವಷ್ಟರಲ್ಲಿ ಎದುರಿಗಿದ್ದವರ ಜೊತೆ ನಾಲ್ಕು ಮಾತಾಗಿರುತ್ತದೆ. ಎನರ್ಜಿ ಡ್ರಿಂಕ್ ತಣ್ಣಗೆ, ಸಕ್ಕರೆಯ ಸಿಹಿಯಲ್ಲಿ, ಒಂದೇ ಉಸಿರಿಗೆ ಒಳಗಿಳಿಯುತ್ತದೆ. ಮೂರನೆಯ ಬಾಟಲಿ ತೆರೆಯುವ ಹೊತ್ತಿಗೆ ಎದೆ ಡವಡವ ಎನ್ನುತ್ತಿರುತ್ತದೆ, ಹುಡುಗ ಅದನ್ನು ಪರೀಕ್ಷೆಯ ಭಯ ಅಂದುಕೊಳ್ಳುತ್ತಾನೆ. ಕೆಲವರು ಮದ್ಯಕ್ಕೂ ಬೆರೆಸುತ್ತಾರೆ. ಅಮಲು ಇಳಿದಂತೆ ಅನಿಸುತ್ತದೆಯೇ ಹೊರತು ಇಳಿದಿರುವುದಿಲ್ಲ. ಕೈ ಬೈಕಿನ ಕೀಲಿಗೆ ಹೋಗುತ್ತದೆ.

ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಇಂಥ ಪಾನೀಯದಲ್ಲಿ ಲೀಟರಿಗೆ 300 ಮಿಲಿಗ್ರಾಂ ಮೀರಿ ಕೆಫೀನ್ ಇರಬಾರದು. ದಿನಕ್ಕೆ 500 ಮಿಲಿಲೀಟರ್‌ಗಿಂತ ಹೆಚ್ಚು ಕುಡಿಯಬಾರದು, ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ತಕ್ಕುದಲ್ಲ ಎಂದು ಮುದ್ರಿಸಲೇಬೇಕು. ಮುದ್ರಿಸಿದ್ದಾರೆ, ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಪ್ರಾಧಿಕಾರದ ನಿಯಮ ಕೇಳುವುದು ಇಂಗ್ಲಿಷ್ ಇಲ್ಲವೇ ಹಿಂದಿ; ಕನ್ನಡವನ್ನು ಅದು ಕಡ್ಡಾಯ ಮಾಡಿಲ್ಲ. ಕೊಳ್ಳಿ ಎನ್ನುವ ಜಾಹೀರಾತಿಗೆ ಕನ್ನಡ ಬರುತ್ತದೆ, ಜೋಕೆ ಎನ್ನುವ ಸಾಲಿಗೆ ಬರುವುದಿಲ್ಲ! ಈ ನಿಯಮ ಬದಲಾಗಲಿ ಎಂದು ನಮ್ಮ ಶಾಸಕರು, ಸಂಸದರು ಒಮ್ಮೆಯಾದರೂ ಎದ್ದು ನಿಂತು ಕೇಳಬೇಕು. ಬೇರೆ ದೇಶಗಳು ಇನ್ನೂ ಮುಂದೆ ಹೋಗಿವೆ: ಹದಿನೆಂಟು ತುಂಬದವರಿಗೆ ಇಂಥ ಪಾನೀಯ ಮಾರುವುದನ್ನು ಲಿಥುವೇನಿಯಾ 2014ರಲ್ಲೇ ನಿಲ್ಲಿಸಿತು, ಪೋಲೆಂಡ್ 2024ರಲ್ಲಿ.

ಬೇಕರಿಯ ಅಣ್ಣಂದಿರೇ, ನೀವು ಕಾನೂನಿಗೆ ಕಾಯಬೇಕಿಲ್ಲ. ಯೂನಿಫಾರ್ಮ್ ತೊಟ್ಟು ಬಂದ ಮಗುವಿಗೆ "ಇದು ನಿನಗಲ್ಲ ಕಂದಾ" ಎಂದು ಇವತ್ತೇ ಹೇಳಬಹುದು. ವಾರ್ಡನ್‌ಗಳೇ, ನಿಮ್ಮ ಮೆಸ್ ಒಂಬತ್ತಕ್ಕೆ ಬಾಗಿಲು ಹಾಕುತ್ತದೆ, ಬಾಟಲಿ ಹನ್ನೊಂದಕ್ಕೂ ಸಿಗುತ್ತದೆ. ಪರೀಕ್ಷೆಯ ದಿನಗಳಲ್ಲಿ ಒಂದು ಪಾತ್ರೆ ಮೊಸರನ್ನ ತೆಗೆದಿಡುವುದು ಅಷ್ಟು ಕಷ್ಟವೇ? ನನ್ನ ಜೊತೆಯ ಮೇಷ್ಟ್ರುಗಳಲ್ಲೂ ಕೈಮುಗಿದು ಕೇಳುತ್ತೇನೆ: ಒಂದೇ ವಾರದಲ್ಲಿ ಮೂರು ಇಂಟರ್ನಲ್ಸ್, ಎರಡು ಅಸೈನ್‌ಮೆಂಟ್, ಮೇಲೊಂದು ರೆಕಾರ್ಡ್ ಬುಕ್ ಹೇರಿದರೆ ಆ ಫ್ರಿಜ್‌ನ ಬಾಗಿಲು ತೆರೆದುಕೊಟ್ಟವರು ನಾವೇ.

ಮಕ್ಕಳೇ, ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬ್ಯಾಕ್ ಉಳಿದರೆ ಊರಲ್ಲಿ ಅಪ್ಪನಿಗೆ ಹೇಗೆ ಹೇಳಲಿ ಎಂಬ ಸಂಕಟ ನನಗೆ ಗೊತ್ತು. ಕೈ ನಡುಗಿದರೆ, ಎದೆ ಹೊಡೆದುಕೊಂಡರೆ ಮುಚ್ಚಿಡಬೇಡಿ, ಪಕ್ಕದ ರೂಮಿನ ಬಾಗಿಲು ತಟ್ಟಿ.

ಅಪ್ಪ ಅಮ್ಮಂದಿರೇ, ಇವತ್ತು ಫೋನ್ ಮಾಡಿದಾಗ "ಎಷ್ಟು ಓದಿದೆ" ಎನ್ನುವ ಮೊದಲು "ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ" ಎಂದು ಕೇಳಿ. ಉತ್ತರ ತಡವಾದರೆ ಫೋನ್ ಇಡಬೇಡಿ.