ಭಾರ ಇಳಿಸಿದರಷ್ಟೇ ಸಾಲದು, ಹೊರುವ ಹೆಗಲೂ ಬೇಕು

ಜಪಾನಿನ ಚಕ್ರವರ್ತಿ ಅಕಿಹಿತೊ ಅವರು 2016ರ ಆಗಸ್ಟ್ 8ರಂದು ಟಿ.ವಿ. ಮೂಲಕ ತಮ್ಮ ಜನರೊಂದಿಗೆ ಸುಮಾರು ಹನ್ನೊಂದು ನಿಮಿಷ ಮಾತನಾಡಿದರು. ಆಗ ಅವರಿಗೆ 82 ವರ್ಷ. ಅಷ್ಟೂ ಹೊತ್ತು ‘ಪದತ್ಯಾಗ’ ಎಂಬ ಪದ ಒಮ್ಮೆಯೂ ಅವರ ಬಾಯಿಂದ ಬರಲಿಲ್ಲ, ಬರುವಂತೆಯೂ ಇರಲಿಲ್ಲ. 1947ರಿಂದ ಜಾರಿಯಲ್ಲಿರುವ ಅಲ್ಲಿನ ಸಂವಿಧಾನವು ಚಕ್ರವರ್ತಿಯನ್ನು ರಾಷ್ಟ್ರದ ಮತ್ತು ಜನರ ಐಕ್ಯದ ಸಂಕೇತ ಎಂದು ಕರೆಯುತ್ತದೆ; ಆಡಳಿತಕ್ಕೆ ಸಂಬಂಧಿಸಿದ ಯಾವ ಅಧಿಕಾರವನ್ನೂ ಅವರಿಗೆ ಕೊಡುವುದಿಲ್ಲ. ಪಟ್ಟ ಬಿಡಲು ಅವಕಾಶವಿಲ್ಲದ ಕಾಯ್ದೆಯನ್ನು ಬದಲಿಸಿ ಎಂದು ಅವರು ಬಾಯಿಬಿಟ್ಟು ಕೇಳಿದರೆ ಅದೂ ರಾಜಕೀಯವೇ ಆಗುತ್ತದೆ. ಹೀಗಾಗಿ ವಯಸ್ಸಾಗುತ್ತಿದೆ, ದೇಹ ಮೊದಲಿನಂತಿಲ್ಲ ಎಂದು ಹೇಳಿ, ಜತೆಗೆ ಇನ್ನೊಂದು ಮಾತು ಸೇರಿಸಿದರು. ಶಕ್ತಿ ಕುಂದಿದಂತೆಲ್ಲ ಕೆಲಸವನ್ನೂ ಕಡಿಮೆ ಮಾಡುತ್ತ ಹೋಗುವುದಕ್ಕೆ ಒಂದು ಮಿತಿ ಇದೆ ಎಂಬುದೇ ಆ ಮಾತಿನ ಸಾರ. ಮುಪ್ಪಿನ ದೊರೆಗಳ ಬಗ್ಗೆ ಎಲ್ಲೆಡೆ ನಡೆಯುವ ಚರ್ಚೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ಯಾರೂ ಆಡಿಲ್ಲ. ಜಪಾನ್ ಅದನ್ನು ಅರ್ಧ ಮಾತ್ರ ಕೇಳಿಸಿಕೊಂಡಿತು ಎಂಬುದು ನನ್ನ ದೂರು.

ಕೆಲಸ ಹಗುರ ಮಾಡುವ ಪ್ರಯತ್ನ ಅಲ್ಲಿ ಆಗಿರಲಿಲ್ಲವೆಂದಲ್ಲ. 2003ರಲ್ಲಿ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಯಿತು. 2009ರ ಹೊತ್ತಿಗೆ ಅರಮನೆಯ ಆಡಳಿತವೇ ಕೆಲವು ಸಮಾರಂಭಗಳ ಭಾಷಣಗಳನ್ನು ಕೈಬಿಟ್ಟು ಕಾರ್ಯಕ್ರಮಗಳ ಪಟ್ಟಿಯನ್ನು ಮೊಟಕುಗೊಳಿಸಿತು. 2012ರ ಫೆಬ್ರುವರಿಯಲ್ಲಿ ಹೃದಯದ ಬೈಪಾಸ್ ನಡೆದಾಗ ಯುವರಾಜ ನರುಹಿತೊ ಕೆಲಕಾಲ ತಂದೆಯ ಸಾಂವಿಧಾನಿಕ ಕೆಲಸಗಳನ್ನು ನೋಡಿಕೊಂಡರು. ಆದರೆ ಇಂಥ ಕಡಿತದಲ್ಲಿ ಉಳಿಯುವುದೇನು, ಹೋಗುವುದೇನು ಎಂಬುದನ್ನು ಗಮನಿಸಬೇಕು. ಕಾಯ್ದೆಗಳಿಗೆ, ನೇಮಕಾತಿಗಳಿಗೆ ಸಹಿ ಮತ್ತು ಮುದ್ರೆ ಹಾಕುವುದು, ರಾಯಭಾರಿಗಳನ್ನು ಬರಮಾಡಿಕೊಳ್ಳುವುದು, ಸಂಸತ್ತಿನ ಅಧಿವೇಶನ ಕರೆಯುವುದು ಸಂವಿಧಾನ ಹೇಳಿದ ಕೆಲಸಗಳು, ಇವನ್ನು ಬಿಡುವಂತಿಲ್ಲ. ಬಿಡಬಹುದಾದದ್ದು ಯಾವ ವಿಧಿಯಲ್ಲೂ ಬರೆಯದ ಕೆಲಸ ಮಾತ್ರ. 1991ರಲ್ಲಿ ಉನ್ಝೆನ್ ಜ್ವಾಲಾಮುಖಿ ಸಿಡಿದಾಗ ನಿರಾಶ್ರಿತರ ಮುಂದೆ ನೆಲದ ಮೇಲೆ ಮಂಡಿಯೂರಿ ಕುಳಿತು ಮಾತನಾಡಿಸಿದ್ದು, 1995ರ ಕೋಬೆ ಭೂಕಂಪದ ನಂತರ ಮತ್ತು 2011ರ ಸುನಾಮಿಯ ನಂತರ ಅದನ್ನೇ ಮಾಡಿದ್ದು, ಯುದ್ಧದಲ್ಲಿ ಸತ್ತವರ ನೆನಪಿಗೆ 2005ರಲ್ಲಿ ಸೈಪಾನ್‌ಗೂ 2015ರಲ್ಲಿ ಪೆಲೆಲಿಯು ದ್ವೀಪಕ್ಕೂ ಹೋಗಿ ತಲೆಬಾಗಿದ್ದು, ಇವು ಯಾವುದೂ ಸಂವಿಧಾನದ ಆಜ್ಞೆಯಲ್ಲ. ಆದರೆ ಸಂಕೇತ ಎಂಬ ಬರಿಯ ಪದಕ್ಕೆ ಅರ್ಥ ತುಂಬಿದ್ದು ಇವೇ. ಹಗುರಗೊಳಿಸುವ ಹೆಸರಿನಲ್ಲಿ ಮೊದಲು ಕತ್ತರಿ ಬೀಳುವುದು ಈ ಜೀವಾಳಕ್ಕೆ. ಹೀಗೆ ಕತ್ತರಿಸುತ್ತ ಹೋದರೆ ಉಳಿಯುವುದು ಸಹಿ ಹಾಕುವ ಒಂದು ಕೈ ಮಾತ್ರ. ಬೈಪಾಸ್ ಆದ ಮರುವರ್ಷವೇ, ಎಂಬತ್ತರ ಹೊಸ್ತಿಲಲ್ಲಿ ದೆಹಲಿಗೂ ಚೆನ್ನೈಗೂ ಬಂದುಹೋದ ಮನುಷ್ಯನಿಗೆ ಅಂಥ ದೊರೆತನ ಒಗ್ಗಲಿಲ್ಲ. ಕಾರ್ಯಕ್ರಮಗಳಲ್ಲಿ ಕೆಲವು ಸಲ ತಪ್ಪುಗಳಾಗಿವೆ, ವಯಸ್ಸಾಗಿರುವುದು ಅರಿವಿಗೆ ಬರುತ್ತಿದೆ ಎಂದು 2015ರ ಹುಟ್ಟುಹಬ್ಬದ ಹೊತ್ತಿಗೆ ಅವರೇ ಒಪ್ಪಿಕೊಂಡಿದ್ದರು.

ಅವರ ಬಯಕೆಯ ಬಗ್ಗೆ ಸರ್ಕಾರ ನೇಮಿಸಿದ ಸಮಿತಿ ತಜ್ಞರನ್ನು ಕರೆಸಿ ಕೇಳಿದಾಗ ಸಂಪ್ರದಾಯವಾದಿಗಳು ಎರಡು ಆಕ್ಷೇಪಗಳನ್ನು ಎತ್ತಿದರು. ಚಕ್ರವರ್ತಿ ಇದ್ದರೆ ಸಾಕು, ಅರಮನೆಯೊಳಗೆ ದೇಶಕ್ಕಾಗಿ ಪ್ರಾರ್ಥಿಸಿದರೆ ಸಾಕು, ಊರೂರು ಸುತ್ತಬೇಕಾಗಿಲ್ಲ ಎಂಬುದು ಒಂದು. ಅಶಕ್ತರಾದರೆ ಅವರ ಪರವಾಗಿ ಕೆಲಸ ನಡೆಸುವ ರೀಜೆಂಟ್ ನೇಮಿಸಬಹುದು, ಅದಕ್ಕೆ ಕಾಯ್ದೆಯಲ್ಲೇ ದಾರಿ ಇದೆ ಎಂಬುದು ಇನ್ನೊಂದು. ಮೊದಲನೆಯದು ಭಕ್ತಿಯ ಮಾತಿನಂತೆ ಕೇಳಿಸಿದರೂ ಅದರಲ್ಲಿ ಆ ವ್ಯಕ್ತಿಯ ಬಗ್ಗೆ ಕರುಣೆ ಕಡಿಮೆ. ಮೂರು ದಶಕ ಅವರು ಕಟ್ಟಿದ ಕೆಲಸವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡನೆಯದು ಗಟ್ಟಿಯಾದ ವಾದ. 1921ರಲ್ಲಿ ಕಾಯಿಲೆಯ ತೈಶೊ ಚಕ್ರವರ್ತಿಯ ಪರವಾಗಿ ಮಗ ಹಿರೊಹಿತೊ ರೀಜೆಂಟ್ ಆಗಿ, ತಂದೆ ತೀರಿಕೊಂಡ 1926ರವರೆಗೆ ಕೆಲಸ ನಡೆಸಿದ್ದರು. ಆದರೆ ರೀಜೆಂಟ್ ಇರುವಾಗ ಒಬ್ಬರ ಹತ್ತಿರ ಹೆಸರು, ಇನ್ನೊಬ್ಬರ ಹತ್ತಿರ ಕೆಲಸ. ಕೆಲಸವನ್ನೇ ಸಂಕೇತದ ತಿರುಳು ಎಂದು ತಿಳಿದವರಿಗೆ, ಅದನ್ನು ಮಾಡಲಾಗದೆ ಸಾಯುವ ತನಕ ಹೆಸರನ್ನು ಹೊತ್ತು ಕೂರುವುದು ಶಿಕ್ಷೆಯೇ ಸರಿ. ಅಕಿಹಿತೊ ತಮ್ಮ ಮಾತಿನಲ್ಲಿ ಈ ದಾರಿಯನ್ನೂ ಒಪ್ಪಲಿಲ್ಲ.

ಅವರ ಕಣ್ಣೆದುರಿಗೆ ತಂದೆಯ ಕೊನೆಯ ದಿನಗಳೂ ಇದ್ದವು. 1988ರ ಸೆಪ್ಟೆಂಬರಿನಲ್ಲಿ ಹಾಸಿಗೆ ಹಿಡಿದ ಹಿರೊಹಿತೊ 1989ರ ಜನವರಿ 7ರಂದು ತೀರಿಕೊಂಡರು. ಆ ಮೂರೂವರೆ ತಿಂಗಳು ಜಪಾನಿನಲ್ಲಿ ಊರ ಹಬ್ಬಗಳು ನಿಂತವು, ಮದುವೆಯ ಔತಣಗಳು ರದ್ದಾದವು, ಚಕ್ರವರ್ತಿಯ ಜ್ವರವೂ ರಕ್ತಸ್ರಾವವೂ ದಿನದಿನದ ಸುದ್ದಿಯಾದವು. ಸತ್ತ ಮೇಲೆ ಅಂತ್ಯಸಂಸ್ಕಾರದ ಕರ್ಮಗಳೂ ಹೊಸ ಪಟ್ಟದ ವಿಧಿಗಳೂ ಒಟ್ಟೊಟ್ಟಿಗೆ ಸುಮಾರು ಒಂದು ವರ್ಷ ಮನೆಯವರ ಮೇಲೆ ಬಿದ್ದವು. ಒಬ್ಬರ ಸಾವು ಮತ್ತು ಇನ್ನೊಬ್ಬರ ಆರಂಭ ಒಂದೇ ಕ್ಷಣಕ್ಕೆ ಕಟ್ಟುಬಿದ್ದರೆ ಆಗುವ ಪಾಡು ಇದು. ತನ್ನ ಸಾವಿನಿಂದ ಜನಜೀವನ ಸ್ತಬ್ಧವಾಗಬಾರದು ಎಂದು ಮುದುಕನೊಬ್ಬ ಬಯಸಿದರೆ ಅದರಲ್ಲಿ ತಪ್ಪೇನಿದೆ?

ಇನ್ನು ಇತಿಹಾಸದ ಆಕ್ಷೇಪ. ಜಪಾನಿನಲ್ಲಿ ಬದುಕಿರುವಾಗಲೇ ಪಟ್ಟ ಬಿಟ್ಟವರು ಹತ್ತಾರು ಮಂದಿ. 1086ರಲ್ಲಿ ಶಿರಕಾವ ಬಾಲಕನಾಗಿದ್ದ ಮಗನಿಗೆ ಪಟ್ಟ ಕಟ್ಟಿ, ತಾನು ‘ನಿವೃತ್ತ’ನಾಗಿಯೇ ದಶಕಗಟ್ಟಲೆ ಅಧಿಕಾರ ನಡೆಸಿದ. ಬಲವಂತದಿಂದ ಪಟ್ಟ ಬಿಡಿಸಿಕೊಂಡವರೂ ಇದ್ದರು. ಇದಕ್ಕೆ ಹೆದರಿಯೇ 1889ರ ಮೈಜಿ ಕಾಲದ ಕಾಯ್ದೆ ಆ ಬಾಗಿಲು ಮುಚ್ಚಿತು. 1947ರ ರಾಜಮನೆತನ ಕಾಯ್ದೆಯೂ ಚಕ್ರವರ್ತಿ ಸತ್ತ ಮೇಲೆಯೇ ಉತ್ತರಾಧಿಕಾರ ಎಂದಿತು. ಈ ಭಯ ಸುಳ್ಳಲ್ಲ. ಆದರೆ ಅದು ಸಿಂಹಾಸನಕ್ಕೆ ಅಧಿಕಾರವಿದ್ದ ಕಾಲದ ಭಯ. ಇಂದು ಅಲ್ಲಿ ಕಸಿದುಕೊಳ್ಳುವಂಥ ಅಧಿಕಾರವೇ ಇಲ್ಲ. ಬಲವಂತದ ಶಂಕೆಯಿದ್ದರೆ ಪ್ರಧಾನಿ, ಸಂಸತ್ತಿನ ಸಭಾಪತಿಗಳು, ಮುಖ್ಯ ನ್ಯಾಯಮೂರ್ತಿ ಎಲ್ಲರೂ ಕೂರುವ ರಾಜಮನೆತನ ಮಂಡಳಿಯೊಂದು ಕಾಯ್ದೆಯಲ್ಲೇ ಇದೆ. ಇಂತಿಷ್ಟು ವಯಸ್ಸು, ದೊರೆಯ ಸ್ವಂತ ಒಪ್ಪಿಗೆ, ಮಂಡಳಿಯ ಅನುಮೋದನೆ ಎಂದು ನಿಯಮ ಮಾಡಿದರೆ ಸಾಕು. ನೆದರ್‌ಲ್ಯಾಂಡ್ಸ್‌ನಲ್ಲಿ 1948, 1980, 2013ರಲ್ಲಿ ಮೂವರು ರಾಣಿಯರು ಒಬ್ಬರ ಹಿಂದೊಬ್ಬರು ನಿವೃತ್ತರಾದರು, ಸಿಂಹಾಸನ ಅಲುಗಲಿಲ್ಲ. ಡೆನ್ಮಾರ್ಕಿನ ರಾಣಿ ಮಾರ್ಗರೆಟ್ ಬೆನ್ನಿನ ಶಸ್ತ್ರಚಿಕಿತ್ಸೆಯ ನಂತರ 2024ರ ಜನವರಿ 14ರಂದು ಮಗನಿಗೆ ಪಟ್ಟ ಬಿಟ್ಟುಕೊಟ್ಟರು. ಪ್ರತಿಜ್ಞೆ ಜೀವಮಾನದ್ದು ಎಂದು ನಂಬಿದ ಬ್ರಿಟನ್ನಿನ ಎಲಿಜಬೆತ್ ರಾಣಿ, ಕೆಲಸಗಳನ್ನು ಮಗನಿಗೆ ಹಂಚುತ್ತ, ಸಾಯುವ ಎರಡು ದಿನ ಮೊದಲು ಹೊಸ ಪ್ರಧಾನಿಯನ್ನು ನೇಮಿಸಿದರು. ಅವರ ನಿಷ್ಠೆಗೆ ಗೌರವ ಸಲ್ಲಲೇಬೇಕು. ಆದರೆ ಅದು ಅವರ ಆಯ್ಕೆ. ಆಯ್ಕೆಯೇ ಇಲ್ಲದ ಕಡೆ ನಿಷ್ಠೆಯನ್ನು ಹೊಗಳುವುದು ನ್ಯಾಯವಲ್ಲ.

ಜಪಾನಿನ ಸಂಸತ್ತು 2017ರ ಜೂನಿನಲ್ಲಿ ವಿಶೇಷ ಕಾಯ್ದೆ ತಂದಿತು. 2019ರ ಏಪ್ರಿಲ್ 30ರಂದು ಅಕಿಹಿತೊ ಪಟ್ಟದಿಂದ ಇಳಿದರು. 1817ರ ನಂತರ, ಇನ್ನೂರೆರಡು ವರ್ಷಗಳಲ್ಲಿ ಹಾಗೆ ಇಳಿದವರು ಅವರೊಬ್ಬರೇ. ಆದರೆ ಆ ಕಾಯ್ದೆ ಅವರೊಬ್ಬರಿಗೆ, ಒಂದೇ ಸಲಕ್ಕೆ. ನಾಳೆ ಈಗಿನ ಚಕ್ರವರ್ತಿ ನರುಹಿತೊ ಅವರಿಗೆ ಎಂಬತ್ತು ದಾಟಿದಾಗ ಮತ್ತೆ ಟಿ.ವಿ. ಮುಂದೆ ಕುಳಿತು, ಆಡಬೇಕಾದ ಪದವನ್ನು ಆಡದೆ ಮಾತನಾಡಬೇಕು. ಇದಕ್ಕಿಂತ ಕಠಿಣವಾದದ್ದು ವಯಸ್ಸಿನ ಲೆಕ್ಕ. ನರುಹಿತೊ ಹುಟ್ಟಿದ್ದು 1960ರಲ್ಲಿ. ಮುಂದಿನ ಉತ್ತರಾಧಿಕಾರಿ, ತಮ್ಮ ಅಕಿಶಿನೊ, 1965ರಲ್ಲಿ. ಅಣ್ಣನಿಗೆ 85 ತುಂಬುವಾಗ ತಮ್ಮನಿಗೆ 79. ಮುದುಕನ ಹೆಗಲಿಂದ ಇಳಿಸಿದ ಭಾರ ಇನ್ನೊಬ್ಬ ಮುದುಕನ ಹೆಗಲಿಗೆ. ಅವರ ನಂತರದ ಪೀಳಿಗೆಯಲ್ಲಿ ಉಳಿಯುವುದು 2006ರಲ್ಲಿ ಹುಟ್ಟಿದ ಹಿಸಾಹಿತೊ ಒಬ್ಬರೇ. ಹೀಗಾಗಿ ಭಾರ ಇಳಿಸುವ ಪ್ರಶ್ನೆಯನ್ನೂ ಉತ್ತರಾಧಿಕಾರದ ಪ್ರಶ್ನೆಯನ್ನೂ ಬೇರೆಬೇರೆ ಕಡತಗಳಲ್ಲಿ ಇಡಲಾಗದು.

ರಾಜಮನೆತನ ಕಾಯ್ದೆ ಗಂಡುಮಕ್ಕಳಿಗೆ, ಅದೂ ತಂದೆಯ ಕಡೆಯ ವಂಶದ ಗಂಡುಮಕ್ಕಳಿಗೆ ಮಾತ್ರ ಪಟ್ಟ ಕೊಡುತ್ತದೆ. ಇದು ಬಹು ಪ್ರಾಚೀನ ಸಂಪ್ರದಾಯ, ಮುಟ್ಟಬಾರದು ಎನ್ನುವವರ ಮಾತಿನಲ್ಲಿ ಅರ್ಧ ನಿಜವಿದೆ: ಆ ವಂಶದ ರೇಖೆ ಗಂಡಿನ ಕಡೆಯಿಂದ ಬಂದಿದೆಯೆಂದೇ ಅಲ್ಲಿನ ನಂಬಿಕೆ. ಆದರೆ ಎಂಟು ಮಂದಿ ಹೆಂಗಸರು ಆ ಸಿಂಹಾಸನದ ಮೇಲೆ ಕುಳಿತಿದ್ದಾರೆ. ಕೊನೆಯವರು ಗೊ-ಸಕುರಮಾಚಿ, 18ನೇ ಶತಮಾನದಲ್ಲಿ. ಗಂಡಿನ ರೇಖೆ ಕಡಿಯದೆ ಬಂದದ್ದಕ್ಕೆ ಕಾರಣ ಉಪಪತ್ನಿಯರ ಪದ್ಧತಿ, ಜತೆಗೆ ರಾಜಮನೆತನದ ಶಾಖೆಗಳು. ತೈಶೊ ಚಕ್ರವರ್ತಿಯ ಹೆತ್ತ ತಾಯಿಯೂ ಉಪಪತ್ನಿಯೇ. ಆ ಪದ್ಧತಿ ಹೋಯಿತು. 1947ರಲ್ಲಿ ಹನ್ನೊಂದು ಶಾಖೆಗಳ 51 ಮಂದಿ ರಾಜಮನೆತನದಿಂದ ಹೊರನಡೆದರು. ಆಧಾರಗಳೆರಡೂ ಬಿದ್ದ ಮೇಲೆ ನಿಯಮವನ್ನು ಮಾತ್ರ ಉಳಿಸಿಕೊಂಡರೆ ಮನೆ ನಿಲ್ಲುವುದಿಲ್ಲ. ಹೊರಹೋದ ಶಾಖೆಗಳ ಗಂಡುಮಕ್ಕಳನ್ನು ದತ್ತು ತರಬಹುದು ಎನ್ನುವವರಿದ್ದಾರೆ. ಸಾಮಾನ್ಯ ನಾಗರಿಕರಾಗಿಯೇ ಹುಟ್ಟಿ ಬೆಳೆದ ಅವರನ್ನು ಜನರಿಗೆ ಗೊತ್ತಿಲ್ಲ. ಚಕ್ರವರ್ತಿಯ ಮಗಳು ಐಕೊ ಅವರನ್ನು ಇಡೀ ದೇಶ ಕೂಸಾಗಿದ್ದಾಗಿನಿಂದ ಬಲ್ಲದು.

ಹೆಣ್ಣುಮಕ್ಕಳಿಗೂ ಹಿರಿತನದ ಮೇಲೆ ಪಟ್ಟದ ಹಕ್ಕು ಕೊಡಬೇಕೆಂದು ಆಗಿನ ಪ್ರಧಾನಿ ಕೊಯಿಜುಮಿ ನೇಮಿಸಿದ್ದ ಸಮಿತಿ 2005ರಲ್ಲೇ ಶಿಫಾರಸು ಮಾಡಿತ್ತು. ಮರುವರ್ಷ ಹಿಸಾಹಿತೊ ಹುಟ್ಟಿದ್ದೇ ತಡ, ಅದನ್ನು ಮೂಲೆಗಿಟ್ಟರು. ಜಪಾನಿನ ಸಂಸತ್ತು ಆ ವರದಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು, ಅದರ ಜತೆಗೇ ನಿವೃತ್ತಿಯ ಹಕ್ಕನ್ನು ಕಾಯಂ ಆಗಿ ಕಾಯ್ದೆಯಲ್ಲಿ ಬರೆಯಬೇಕು. ಐಕೊ ಅವರಿಗೆ ಈಗ ಇಪ್ಪತ್ತು ದಾಟಿದೆ. 1947ರ ಕಾಯ್ದೆಯ ಪ್ರಕಾರ, ಸಾಮಾನ್ಯ ನಾಗರಿಕನೊಬ್ಬನನ್ನು ಮದುವೆಯಾದ ದಿನ ಅವರು ರಾಜಮನೆತನದ ಸದಸ್ಯರಾಗಿ ಉಳಿಯುವುದಿಲ್ಲ.