ಹಳೆಯ ಎಂಜಿನ್ನಿಗೆ ಹೊಸ ಮಿದುಳು

ಹಳೆಯ ಕಾರನ್ನು ಅಕ್ಕರೆಯಿಂದ ಉಳಿಸಿಕೊಂಡವರು, ಅದರ ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದನ್ನು ಬದಲಿಸಿದರೆ ಸಾಕೆಂದು ಭಾವಿಸುವುದುಂಟು. ಈ ಭಾವನೆ ಸಾಧುವಲ್ಲವೆಂಬುದಕ್ಕೆ ಜರ್ಮನಿಯ ನಿದರ್ಶನವೊಂದನ್ನು ನೋಡೋಣ.

1979ರಲ್ಲಿ ಬಾಷ್ ಸಂಸ್ಥೆಯ ಮೋಟ್ರಾನಿಕ್ ವ್ಯವಸ್ಥೆಯು ಬಿ.ಎಂ.ಡಬ್ಲ್ಯು. 732ಐ ಕಾರಿನಲ್ಲಿ ಮೊದಲಿಗೆ ಬಂದಿತು. ಪೆಟ್ರೋಲಿನ ಪ್ರಮಾಣ, ಕಿಡಿಯ ಸಮಯ ಎರಡನ್ನೂ ಒಂದೇ ಪೆಟ್ಟಿಗೆ ನಿರ್ಧರಿಸತೊಡಗಿತು. ಬಿ.ಎಂ.ಡಬ್ಲ್ಯು. ಕಾರುಗಳ ಆರಂಭದ ಪೀಳಿಗೆಯಲ್ಲಿ ಫ್ಲೈವೀಲ್ ಬಳಿಯ ಎರಡು ಸೆನ್ಸರುಗಳು ವೇಗವನ್ನೂ ಸ್ಥಾನವನ್ನೂ ಬೇರೆಬೇರೆಯಾಗಿ ತಿಳಿಸುತ್ತಿದ್ದವು. ಮುಂದೆ ಬಂದ ಮೋಟ್ರಾನಿಕ್ 1.3ರಲ್ಲಿ ಎಂಜಿನ್ನಿನ ಮುಂಭಾಗದ ಹಲ್ಲುಗಾಲಿಗೆ ಒಂದೇ ಸೆನ್ಸರು. 60 ಹಲ್ಲುಗಳಿರಬೇಕಾದಲ್ಲಿ 58 ಮಾತ್ರ. ಆ ತೆರಪೇ ಸ್ಥಾನದ ಗುರುತು. ದೋಷಗಳನ್ನು ನೆನಪಿಟ್ಟು ತಿಳಿಸುವ ಗುಣವೂ ಅದಕ್ಕುಂಟು.

ಆದಕಾರಣ ಪೆಟ್ಟಿಗೆಯೊಡನೆ ಗಾಲಿ, ಸೆನ್ಸರು, ವೈರಿಂಗ್ ಎಲ್ಲವೂ ಬದಲಾಗಬೇಕು. ಹಳೆಯ ಪೆಟ್ಟಿಗೆಗೆ 35 ಪಿನ್ನುಗಳಾದರೆ ಹೊಸದಕ್ಕೆ 55. ಜೋಡಣೆ ಅರೆಬರೆಯಾದರೆ ಕಿಡಿ ನಿಂತು ಕಾರು ನಡುರಸ್ತೆಯಲ್ಲಿಯೇ ಸ್ತಬ್ಧವಾದೀತು. ಒಳಗೆ ಮನೆಮಂದಿ ಕುಳಿತಿರುತ್ತಾರೆಂಬುದನ್ನು ಮರೆಯಲಾಗದು. ಬಲ್ಲ ಮೆಕ್ಯಾನಿಕನಿಂದ ಕೆಲಸವನ್ನು ಪೂರ್ಣವಾಗಿ ಮಾಡಿಸಬೇಕು, ಹಳೆಯ ಭಾಗಗಳನ್ನು ಜೋಪಾನವಾಗಿರಿಸಬೇಕು. ಅಷ್ಟು ಅನುಕೂಲವಿಲ್ಲದವರು ಇರುವ ವ್ಯವಸ್ಥೆಯನ್ನೇ ಸುಸ್ಥಿತಿಯಲ್ಲಿಟ್ಟುಕೊಳ್ಳುವುದು ಲೇಸೆಂದು ನಾವು ಹೇಳುತ್ತೇವೆ.