ಮಿತವ್ಯಯದ ಪ್ರವಾಸ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಹಿರಿಯರ ಮಾತು. ಕೋಶ ಓದುವುದಕ್ಕೆ ಶಾಲೆಗಳಿವೆ, ಗ್ರಂಥಾಲಯಗಳಿವೆ. ದೇಶ ಸುತ್ತುವ ಮಾತು ಬಂದಾಗ ಮಾತ್ರ ಅನೇಕರು ಹಿಂಜರಿಯುತ್ತಾರೆ. ಶಾಲೆಯಲ್ಲಿ ಪ್ರವಾಸದ ಸೂಚನೆಯನ್ನು ಓದಿ ಹೇಳಿದ ದಿನ ತರಗತಿಯಲ್ಲಿ ಕೆಲವರ ಮುಖ ಅರಳುತ್ತದೆ. ಕೆಲವರು ತಲೆ ತಗ್ಗಿಸಿ ಪುಸ್ತಕದ ಹಾಳೆಗಳನ್ನು ತಿರುವತೊಡಗುತ್ತಾರೆ. ಮನೆಯಲ್ಲಿ ಹಣ ಕೇಳುವುದು ಹೇಗೆಂಬ ಚಿಂತೆ ಅವರದು. ಪ್ರವಾಸವೆಂಬುದು ಉಳ್ಳವರ ವಿಲಾಸ, ಇಲ್ಲದವರಿಗೆ ಅದು ಸಲ್ಲದು ಎಂಬ ಭಾವನೆ ಹೀಗೆ ಎಳವೆಯಲ್ಲಿಯೇ ಬೇರೂರುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ? ಕಡಮೆ ಹಣದಲ್ಲಿ ಪ್ರವಾಸ ಮಾಡುವುದು ಸಾಧ್ಯವೆ? ಸಾಧ್ಯವಾದರೆ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು? ಇವು ವಿಚಾರ ಮಾಡತಕ್ಕ ಪ್ರಶ್ನೆಗಳು.

ಹಿಂದಿನ ಕಾಲದಲ್ಲಿ ಕಾಶಿ ರಾಮೇಶ್ವರಗಳಿಗೆ ಹೋಗಿಬಂದವರೆಲ್ಲರೂ ಸಿರಿವಂತರಾಗಿರಲಿಲ್ಲ. ನೇಗಿಲು ಹಿಡಿದವರೂ ಮಗ್ಗದಲ್ಲಿ ದುಡಿದವರೂ ಅವರಲ್ಲಿದ್ದರು. ಬುತ್ತಿಯ ಗಂಟು, ಒಂದು ಕಂಬಳಿ, ಒಂದು ಚೊಂಬು ಇಷ್ಟೇ ಅವರ ಸಾಮಗ್ರಿ. ಉಳಿದುದನ್ನು ದಾರಿ ಒದಗಿಸುತ್ತಿತ್ತು. ನಡೆದು ದಣಿದವನಿಗೆ ಸಾಲುಮರದ ನೆರಳು, ಬಾಯಾರಿದವನಿಗೆ ಅರವಟ್ಟಿಗೆಯ ನೀರು, ಕತ್ತಲಾದಾಗ ತಂಗಲು ಛತ್ರ ಇವುಗಳನ್ನು ಕಲ್ಪಿಸಿಕೊಡುವುದು ಪುಣ್ಯಕಾರ್ಯವೆಂದು ಜನ ನಂಬಿದ್ದರು. ಕ್ರಿಸ್ತಪೂರ್ವ ಮೂರನೆಯ ಶತಮಾನದಷ್ಟು ಹಿಂದೆಯೇ ಅಶೋಕ ಚಕ್ರವರ್ತಿ ದಾರಿಯುದ್ದಕ್ಕೂ ಆಲದ ಮರಗಳನ್ನು ನೆಡಿಸಿದುದನ್ನೂ ಬಾವಿಗಳನ್ನು ತೋಡಿಸಿದುದನ್ನೂ ತನ್ನ ಶಾಸನದಲ್ಲಿ ಹೇಳಿಕೊಂಡಿದ್ದಾನೆ. ರೈಲು ಬಂದ ಮೇಲೆಯೂ ಈ ಪರಂಪರೆ ಅಳಿಯಲಿಲ್ಲ. ವ್ಯಾಪಾರದಿಂದ ಗಳಿಸಿದ ಹಣವನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಿದ ಗುಬ್ಬಿ ತೋಟದಪ್ಪನವರ ಹೆಸರಿನ ಛತ್ರ ೧೯೦೩ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಬಳಿಯಲ್ಲಿಯೇ ಆರಂಭವಾಯಿತು. ಕೈಯಲ್ಲಿ ಹೆಚ್ಚು ಕಾಸಿಲ್ಲದವನೂ ಊರು ಬಿಟ್ಟು ಹೊರಡಬೇಕಾಗುತ್ತದೆ, ಅವನಿಗೂ ತಲೆಯ ಮೇಲೊಂದು ಸೂರು ಬೇಕು ಎಂಬ ತಿಳಿವಳಿಕೆ ಇಂಥ ಕಟ್ಟಡಗಳ ಅಡಿಗಲ್ಲು.

ಹಣವಿಲ್ಲದವನು ಹಣ ಉಳಿಸುವುದು ಸಹಜ. ಹಣವಿದ್ದೂ ಮಿತವ್ಯಯದ ಪ್ರವಾಸವನ್ನು ಆರಿಸಿಕೊಂಡವರೂ ಉಂಟು. ೧೯೦೧ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರು ಹೋಗಿದ್ದರು. ಆಗ ಅವರು ದಕ್ಷಿಣ ಆಫ್ರಿಕದಲ್ಲಿ ಹೆಸರು ಮಾಡಿದ್ದ ಬ್ಯಾರಿಸ್ಟರು. ಮೊದಲನೆಯ ದರ್ಜೆಯಲ್ಲಿ ಪ್ರಯಾಣ ಮಾಡುವುದು ಅವರಿಗೆ ಭಾರವಾಗಿರಲಿಲ್ಲ. ಆದರೂ ಕಲ್ಕತ್ತೆಯಿಂದ ರಾಜಕೋಟೆಗೆ ಮೂರನೆಯ ದರ್ಜೆಯಲ್ಲಿ ಹೋಗಬೇಕೆಂದು ಅವರು ನಿಶ್ಚಯಿಸಿದರು. ಗೋಖಲೆಯವರು ಮೊದಲು ಈ ಯೋಚನೆಯನ್ನು ಕೇಳಿ ನಕ್ಕರು; ಅದರ ಉದ್ದೇಶವನ್ನು ತಿಳಿದ ಮೇಲೆ ಸಂತೋಷದಿಂದ ಒಪ್ಪಿದರು. ಗಾಂಧೀಜಿಯವರು ಹನ್ನೆರಡು ಆಣೆಗೆ ಒಂದು ಕ್ಯಾನ್‌ವಾಸ್ ಚೀಲ ಕೊಂಡರು. ಅದರಲ್ಲಿ ಒಂದು ಉಣ್ಣೆಯ ಕೋಟು, ಒಂದು ಧೋತರ, ಒಂದು ಅಂಗಿ, ಒಂದು ಟವೆಲು. ಹೊದೆಯಲು ಒಂದು ಕಂಬಳಿ, ನೀರಿಗೆ ಒಂದು ಪಾತ್ರೆ. ಗೋಖಲೆಯವರು ಸಿಹಿಯುಂಡೆಯನ್ನೂ ಪೂರಿಯನ್ನೂ ತುಂಬಿದ ಬುತ್ತಿಯ ಡಬ್ಬಿಯನ್ನು ಕೊಟ್ಟರು. ಬೀಳ್ಕೊಡಲು ವಿಜ್ಞಾನಿ ಪ್ರಫುಲ್ಲಚಂದ್ರ ರಾಯರೊಡನೆ ನಿಲ್ದಾಣಕ್ಕೂ ಬಂದರು. ಗಾಂಧೀಜಿಯವರು ಮೊದಲನೆಯ ದರ್ಜೆಯಲ್ಲಿ ಹೊರಟಿದ್ದರೆ ತಾವು ಬರುತ್ತಿರಲಿಲ್ಲ ಎಂದು ಅವರು ಹೇಳಿದುದು ಅರ್ಥಪೂರ್ಣವಾಗಿದೆ.

ದಾರಿಯಲ್ಲಿ ಕಾಶಿ, ಆಗ್ರಾ, ಜಯಪುರ, ಪಾಲನ್‌ಪುರಗಳಲ್ಲಿ ಗಾಂಧೀಜಿಯವರು ಒಂದೊಂದು ದಿನ ತಂಗಿದರು. ಪಾಲನ್‌ಪುರವೊಂದನ್ನು ಬಿಟ್ಟು ಉಳಿದೆಡೆಗಳಲ್ಲಿ ಸಾಮಾನ್ಯ ಯಾತ್ರಿಕರಂತೆ ಧರ್ಮಶಾಲೆಗಳಲ್ಲಿಯೋ ಪಂಡರ ಮನೆಗಳಲ್ಲಿಯೋ ಇಳಿದುಕೊಂಡರು. ರೈಲಿನ ದರವೂ ಸೇರಿ ಇಡೀ ಪ್ರವಾಸಕ್ಕೆ ಆದ ವೆಚ್ಚ ೩೧ ರೂಪಾಯಿಗೆ ಮೀರಿರಲಾರದೆಂದು ಅವರು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಆದರೆ ಹಣದ ಉಳಿತಾಯವೊಂದೇ ಆ ಪ್ರವಾಸದ ಫಲವಲ್ಲ. ಬಡ ಪ್ರಯಾಣಿಕರನ್ನು ಕುರಿಗಳಂತೆ ತುಂಬುವ ರೈಲ್ವೆಯ ಅನಾದರವನ್ನು ಅವರು ಕಣ್ಣಾರೆ ಕಂಡರು. ಕುಳಿತಲ್ಲೇ ಕಸ ಚೆಲ್ಲಿ ಉಗುಳುವ ಪ್ರಯಾಣಿಕರ ದುರಭ್ಯಾಸವನ್ನೂ ಕಂಡರು. ಮುಂದೆ ೧೯೧೭ರಲ್ಲಿ ಮೂರನೆಯ ದರ್ಜೆಯ ಪ್ರಯಾಣಿಕರ ಸಂಕಟವನ್ನು ಕುರಿತು ಅವರು ಪತ್ರಿಕೆಗಳಿಗೆ ಬರೆದರು. ಮೊದಲನೆಯ ದರ್ಜೆಯ ದರ ಮೂರನೆಯದರ ಐದು ಪಟ್ಟಿಗಿಂತ ಹೆಚ್ಚು, ಹಾಗಾದರೆ ಬಡವನಿಗೆ ಆ ಸೌಕರ್ಯದ ಐದನೆಯ ಒಂದು ಪಾಲಾದರೂ ದೊರೆಯಬೇಡವೆ ಎಂಬುದು ಅವರ ವಾದ. ಮೆತ್ತನೆಯ ಆಸನದಲ್ಲಿ ಕುಳಿತು ಬಂದಿದ್ದರೆ ಆ ಬರಹ ಹುಟ್ಟುತ್ತಿರಲಿಲ್ಲ. ಭಾರತೀಯ ರೈಲ್ವೆಯಲ್ಲಿ ಮೂರನೆಯ ದರ್ಜೆ ಎಂಬುದು ೧೯೭೪ರಲ್ಲಿ ಕೊನೆಗೊಂಡಿತು. ಆದರೆ ಅಂದಿನ ಪ್ರಯಾಣದ ಪಾಠ ಉಳಿದಿದೆ: ಹೆಚ್ಚು ಹಣ ಕೊಟ್ಟವನಿಗೆ ಸುಖ ಸಿಗುತ್ತದೆ, ಕಡಮೆ ಹಣ ಕೊಟ್ಟವನಿಗೆ ಎಷ್ಟೋ ವೇಳೆ ದೇಶ ಸಿಗುತ್ತದೆ.

ಇದೇ ಮಾತನ್ನು ಸಮರ್ಥಿಸುವ ಇನ್ನೊಂದು ನಿದರ್ಶನ ದೂರದ ಜರ್ಮನಿಯಲ್ಲಿದೆ. ೧೯೦೯ರಲ್ಲಿ ರಿಚರ್ಡ್ ಷಿರ್ಮನ್ ಎಂಬ ಶಾಲಾ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು ಸಿಡಿಲಿನ ಮಳೆ ಸುರಿಯಿತು. ಅವರೆಲ್ಲ ಒಂದು ಹಳ್ಳಿಯ ಶಾಲೆಯಲ್ಲಿ ಆಶ್ರಯ ಪಡೆದು, ನೆಲದ ಮೇಲೆ ಹುಲ್ಲು ಹಾಸಿಕೊಂಡು ಮಲಗಿದರು. ರಜೆಯಲ್ಲಿ ಬರಿದಾಗಿರುವ ಶಾಲೆಗಳು ಹೀಗೆ ಎಳೆಯ ಪ್ರವಾಸಿಗಳಿಗೆ ತಂಗುದಾಣಗಳಾಗಬಾರದೇಕೆ ಎಂಬ ಆಲೋಚನೆ ಆ ಗುರುವಿಗೆ ಬಂದುದು ಆ ರಾತ್ರಿಯೇ. ೧೯೧೨ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಅವರ ಯುವಜನ ವಸತಿಗೃಹ ತೆರೆಯಿತು. ಕಡಮೆ ಬಾಡಿಗೆಗೆ ಹಾಸಿಗೆ, ಸರಳವಾದ ಊಟ, ಹಂಚಿಕೊಂಡು ಮಾಡುವ ಕೆಲಸ ಇವು ಅಲ್ಲಿಯ ಪದ್ಧತಿ. ಈ ಚಳವಳಿ ದೇಶದಿಂದ ದೇಶಕ್ಕೆ ಹರಡಿ, ೧೯೩೨ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾಗಿ ಬೆಳೆಯಿತು. ಭಾರತದಲ್ಲಿಯೂ ಇಂಥ ವಸತಿಗೃಹಗಳಿವೆ.

ಹಾಗಾದರೆ ಪ್ರವಾಸದಲ್ಲಿ ಹಣ ಸೋರಿಹೋಗುವುದು ಎಲ್ಲಿ? ಅಜ್ಞಾನ, ಅವಸರ, ಆಡಂಬರ ಈ ಮೂರು ಅದರ ಮುಖ್ಯ ಬಿರುಕುಗಳು.

ಹೋಗುವ ಊರಿನ ವಿಷಯವನ್ನು ಮೊದಲೇ ತಿಳಿದುಕೊಳ್ಳದವನು ಹೆಜ್ಜೆಹೆಜ್ಜೆಗೂ ದಂಡ ತೆರುತ್ತಾನೆ. ತಾಜಮಹಲಿಗೆ ಶುಕ್ರವಾರ ಪ್ರವಾಸಿಗಳಿಗೆ ಪ್ರವೇಶವಿಲ್ಲ. ಅದನ್ನರಿಯದೆ ಶುಕ್ರವಾರ ಆಗ್ರಾ ತಲುಪಿದ ಕುಟುಂಬ ಇನ್ನೊಂದು ದಿನದ ಊಟ ವಸತಿಗಳ ವೆಚ್ಚವನ್ನು ಹೊರಬೇಕು, ಇಲ್ಲವೆ ಹೊರಗಿನಿಂದ ಗುಮ್ಮಟವನ್ನು ಕಂಡು ಹಿಂದಿರುಗಬೇಕು. ಮೈಸೂರಿನ ಮೃಗಾಲಯಕ್ಕೆ ಮಂಗಳವಾರ ರಜೆ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಶೈಕ್ಷಣಿಕ ಪ್ರವಾಸ ಹೊರಟ ವಿದ್ಯಾರ್ಥಿಗಳಿಗೆ ರೈಲಿನ ದರದಲ್ಲಿ ರಿಯಾಯಿತಿಯುಂಟು. ಇವನ್ನು ತಿಳಿಯಲು ಬೇಕಾದುದು ಹಣವಲ್ಲ, ಹೊರಡುವ ಮುನ್ನ ಒಂದು ಗಂಟೆಯ ವಿಚಾರಣೆ.

ಅವಸರ ಇನ್ನೂ ದುಬಾರಿ. ಎರಡು ದಿನಗಳಲ್ಲಿ ಎಂಟು ಊರು ನೋಡಬೇಕೆನ್ನುವವನು ತನ್ನ ಹಣವನ್ನೆಲ್ಲ ವಾಹನದ ಬಾಡಿಗೆಗೆ ಸುರಿಯುತ್ತಾನೆ. ಕೊನೆಗೆ ಯಾವ ದೇವಾಲಯ ಯಾವ ಊರಿನದೆಂಬುದು ಅವನಿಗೇ ನೆನಪಿರುವುದಿಲ್ಲ. ಹಂಪೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಹೊಸಪೇಟೆಯಿಂದ ಹಂಪೆಗೆ ಸಾಮಾನ್ಯ ಬಸ್ಸುಗಳಿವೆ. ವಿರೂಪಾಕ್ಷನ ಗುಡಿಯ ಮುಂದಿನ ಬೀದಿಯಿಂದ ತುಂಗಭದ್ರೆಯ ದಡದಲ್ಲಿ ನಡೆದುಹೋದರೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ ವಿಜಯವಿಠ್ಠಲನ ದೇವಾಲಯ ಸಿಗುತ್ತದೆ. ಬಂಡೆಗಳ ನಡುವಿನ ಆ ದಾರಿಯಲ್ಲಿ ಮಂಟಪಗಳಿವೆ, ನದಿಯ ಗಾಳಿಯಿದೆ, ಪಾಳುಬಿದ್ದ ಪೇಟೆಯ ಕಲ್ಲುಕಂಬಗಳಿವೆ. ವಾಹನದಲ್ಲಿ ಹೋಗುವವನು ಬೇರೆ ದಾರಿ ಹಿಡಿದು ಸುತ್ತಿ ಹೋಗಬೇಕು. ಅವನು ಹಣ ಕೊಟ್ಟು ಕಳೆದುಕೊಂಡುದನ್ನು ನಡೆದವನು ಹಣವಿಲ್ಲದೆ ಪಡೆಯುತ್ತಾನೆ.

ಆಡಂಬರದ ಮಾತಂತೂ ಹೇಳಬೇಕಾದುದಿಲ್ಲ. ಹೊರಲಾರದಷ್ಟು ಪೆಟ್ಟಿಗೆಗಳನ್ನು ಕಟ್ಟಿಕೊಂಡವನಿಗೆ ನಿಲ್ದಾಣದಲ್ಲಿ ಕೂಲಿ ಬೇಕು, ಬೀದಿಯಲ್ಲಿ ಆಟೋ ಬೇಕು, ಇಳಿದಲ್ಲಿ ದೊಡ್ಡ ಕೋಣೆಯೇ ಬೇಕು. ನೆರೆಹೊರೆಯವರಿಗೆ ತೋರಿಸುವ ಸಲುವಾಗಿ ಕೊಂಡ ವಸ್ತುಗಳು ಆರು ತಿಂಗಳಲ್ಲಿ ಅಟ್ಟ ಸೇರುತ್ತವೆ. ಹಗುರವಾದ ಗಂಟು ಹೊತ್ತವನ ವೆಚ್ಚವೂ ಹಗುರ.

ಇಷ್ಟಾದರೂ ಮಿತವ್ಯಯಕ್ಕೆ ಒಂದು ಎಲ್ಲೆಯುಂಟು. ಉಳಿತಾಯವೆಲ್ಲವೂ ಸದ್ಗುಣವಲ್ಲ. ಒಂದು ರೂಪಾಯಿ ಉಳಿದಾಗ ಅದು ಯಾರ ಜೇಬಿನಿಂದ ಉಳಿಯಿತು ಎಂದು ಪ್ರಶ್ನಿಸಿಕೊಳ್ಳಬೇಕು. ತನ್ನ ಸುಖವನ್ನು ಕಡಮೆ ಮಾಡಿಕೊಂಡು ಉಳಿಸಿದ ರೂಪಾಯಿ ಮಿತವ್ಯಯದ್ದು; ಪರರ ಹಕ್ಕನ್ನು ಕಡಿದು ಉಳಿಸಿದ ರೂಪಾಯಿ ಕಳ್ಳತನದ್ದು. ಟಿಕೆಟ್ಟಿಲ್ಲದೆ ರೈಲು ಹತ್ತಿ, ಸಿಕ್ಕಿಬೀಳದೆ ಇಳಿದುದನ್ನು ಜಾಣತನವೆಂದು ಕೊಚ್ಚಿಕೊಳ್ಳುವವರುಂಟು. ಅವರ ಪಾಲಿನ ದರವನ್ನು ಟಿಕೆಟ್ಟು ಕೊಂಡವರೇ ತೆರುತ್ತಾರೆ. ಹದಿನಾರರ ಮಗನನ್ನು ಹದಿನಾಲ್ಕರವನೆಂದು ಹೇಳಿ ಕೋಟೆಯ ಬಾಗಿಲಲ್ಲಿ ಶುಲ್ಕ ತಪ್ಪಿಸುವ ತಂದೆ ಒಳಗೆ ಹೋಗಿ ಮಗನಿಗೆ ಎಷ್ಟೇ ಇತಿಹಾಸ ಹೇಳಲಿ, ಹುಡುಗ ನೆನಪಿಡುವುದು ಬಾಗಿಲಲ್ಲಿ ಕಲಿತ ಪಾಠವನ್ನೇ. ದೊಡ್ಡ ಹೋಟೆಲಿನಲ್ಲಿ ಬೆಲೆ ಕೇಳದೆ ಉಂಡವನು ತಲೆಯ ಮೇಲೆ ಹೊರೆ ಹೊತ್ತ ಕೂಲಿಯವನೊಡನೆ ಹತ್ತು ರೂಪಾಯಿಗಾಗಿ ಜಗಳವಾಡುವುದು ಮಿತವ್ಯಯವಲ್ಲ, ಕ್ರೌರ್ಯ.

ಧರ್ಮಸ್ಥಳದಂಥ ಕ್ಷೇತ್ರಗಳಲ್ಲಿ ಬಂದವರಿಗೆಲ್ಲ ಅನ್ನ ನೀಡುವ ಸಂಪ್ರದಾಯ ಇಂದಿಗೂ ನಡೆದುಬಂದಿದೆ. ಅಲ್ಲಿ ಬಡವನೂ ಬಲ್ಲಿದನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಒಂದು ಸೊಗಸು. ಆದರೆ ಶಕ್ತಿಯುಳ್ಳವನು ಆ ಅನ್ನವನ್ನು ತನ್ನ ಉಳಿತಾಯದ ಲೆಕ್ಕಕ್ಕೆ ಸೇರಿಸಿಕೊಳ್ಳಬಾರದು. ಕೈಲಾದುದನ್ನು ಅರ್ಪಿಸಿ ಏಳುವುದು ಅವನ ಕರ್ತವ್ಯ. ಅವನು ಬಿಟ್ಟುಬಂದ ತುತ್ತು ನಾಳೆ ಬರುವ ಇಲ್ಲದವನದು.

ಕಷ್ಟಪಡುವುದೇ ಪ್ರವಾಸದ ಗುರಿಯೆಂದೂ ತಿಳಿಯಬಾರದು. ಶುದ್ಧವಾದ ನೀರು, ತಾಜಾ ಆಹಾರ, ಸುರಕ್ಷಿತವಾದ ವಸತಿ ಇವುಗಳಲ್ಲಿ ಕಾಸು ಉಳಿಸಿದವನು ಅದರ ಹತ್ತು ಪಟ್ಟನ್ನು ವೈದ್ಯನಿಗೆ ಕೊಡಬೇಕಾದೀತು. ವೃದ್ಧರಿಗೂ ರೋಗಿಗಳಿಗೂ ಹೆಚ್ಚಿನ ಸೌಕರ್ಯ ಬೇಕು. ೧೯೧೮ರಲ್ಲಿ ಕಠಿಣವಾದ ಕಾಯಿಲೆ ಬಿದ್ದ ಮೇಲೆ ಗಾಂಧೀಜಿಯವರೂ ಮೂರನೆಯ ದರ್ಜೆಯ ಪ್ರಯಾಣವನ್ನು ಬಹುಮಟ್ಟಿಗೆ ಬಿಡಬೇಕಾಯಿತು. ಅದಕ್ಕಾಗಿ ಅವರು ಬಹಳ ನೊಂದುಕೊಂಡರೂ ದೇಹದ ಮಿತಿಯನ್ನು ಒಪ್ಪಿಕೊಂಡರು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಅವರು ಕಾಸುಕಾಸಿಗೂ ಲೆಕ್ಕ ಬರೆಯುತ್ತಿದ್ದರು; ಬಸ್ಸಿನ ವೆಚ್ಚ ಉಳಿಸಲು ದಿನವೂ ಮೈಲಿಗಟ್ಟಲೆ ನಡೆಯುತ್ತಿದ್ದರು. ಲೆಕ್ಕವೆಂಬುದು ಜಿಪುಣತನವಲ್ಲ. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಕಲಿಸುವ ಗುರು ಅದು. ಪ್ರವಾಸ ಹೊರಟ ವಿದ್ಯಾರ್ಥಿಯ ಚೀಲದಲ್ಲಿ ಒಂದು ಲೆಕ್ಕದ ಪುಸ್ತಕವಿದ್ದರೆ ಅದು ಎಂದಿಗೂ ಹೊರೆಯಾಗದು.

ಮಿತವ್ಯಯದ ನಿಜವಾದ ಪ್ರಯೋಜನ ತಿಳಿಯುವುದು ಒಬ್ಬನ ಕಿಸೆಯಿಂದಲ್ಲ, ಒಂದು ಗುಂಪಿನಿಂದ. ಪ್ರವಾಸವನ್ನು ಯೋಜಿಸುವ ಶಾಲೆ ಅತ್ಯಂತ ಸಿರಿವಂತನಾದ ವಿದ್ಯಾರ್ಥಿಯ ಆಸೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಾರದು. ಅತ್ಯಂತ ಬಡವನಾದ ವಿದ್ಯಾರ್ಥಿಯ ಶಕ್ತಿಯನ್ನು ಇಟ್ಟುಕೊಳ್ಳಬೇಕು. ತರಗತಿಯ ಅರ್ಧ ಮಂದಿ ಮಾತ್ರ ಹೋಗಬಲ್ಲ ಐದು ದಿನದ ಪ್ರವಾಸಕ್ಕಿಂತ, ಎಲ್ಲರೂ ಬುತ್ತಿ ಕಟ್ಟಿಕೊಂಡು ಹೋಗಿಬರುವ ಒಂದು ದಿನದ ಪ್ರವಾಸ ಮೇಲು. ಹತ್ತು ಮೈಲಿ ದೂರದ ಕೆರೆ, ಕೋಟೆ, ವೀರಗಲ್ಲುಗಳನ್ನು ಕಣ್ಣಿಟ್ಟು ನೋಡಿದವನು ದೇಶವನ್ನು ನೋಡತೊಡಗಿದನೆಂದೇ ಅರ್ಥ. ಸೂಚನೆಯನ್ನು ಓದಿ ಹೇಳಿದ ದಿನ ತರಗತಿಯಲ್ಲಿ ಒಂದು ತಲೆಯೂ ತಗ್ಗದಂತೆ ನೋಡಿಕೊಳ್ಳುವ ಪ್ರವಾಸವೇ ಸಾರ್ಥಕವಾದ ಪ್ರವಾಸ.